ಕಾಳಿನಲ್ಲಿ ದೋಷವೆಲ್ಲಿ?

ನಿರ್ದೋಷವಾದ ನಾಲ್ಕು ವಸ್ತುಗಳು ಒಂದೆಡೆ ಸೇರಿದಾಗ ಅವುಗಳ ನಡುವೆ ದೋಷವೊಂದು ಹುಟ್ಟಬಹುದೇ? ಹುಟ್ಟುವುದಾದರೆ ಅದು ಎಲ್ಲಿಂದ ಬಂತು? ನಮ್ಮ ದರ್ಶನಕಾರರಿಗೆ ಇದು ಹಳೆಯ ಜಗಳ. ಕಾರಣದಲ್ಲಿ ಅಡಗಿರದ ಯಾವುದೂ ಕಾರ್ಯದಲ್ಲಿ ತೋರಲಾರದೆಂದು ಸಾಂಖ್ಯರು ಹೇಳಿದರು. ಕಾರ್ಯವು ಹೊಸದಾಗಿಯೇ ಹುಟ್ಟುತ್ತದೆಂದು ನೈಯಾಯಿಕರು ವಾದಿಸಿದರು. ಚಾರ್ವಾಕರು ತಮ್ಮ ಪಕ್ಷಕ್ಕೆ ಒಂದು ದೃಷ್ಟಾಂತವನ್ನು ಹಿಡಿದು ತಂದರು. ಮಣ್ಣು, ನೀರು, ಬೆಂಕಿ, ಗಾಳಿ ಈ ನಾಲ್ಕರಲ್ಲಿ ಯಾವುದಕ್ಕೂ ಚೈತನ್ಯವಿಲ್ಲ. ಆದರೂ ಅವು ಕೂಡಿ ದೇಹವಾದಾಗ ಚೈತನ್ಯ ಬರುತ್ತದೆ. ಹುದುಗು ಮೊದಲಾದವು ಕೂಡಿದಾಗ ಅಮಲು ಬರುವ ಹಾಗೆ, ಎಂದು ಅವರ ವಾದ. ೧೪ನೆಯ ಶತಮಾನದ ‘ಸರ್ವದರ್ಶನ ಸಂಗ್ರಹ’ದ ಮೊದಲ ಅಧ್ಯಾಯದಲ್ಲಿಯೇ ಇದು ಸಿಕ್ಕುತ್ತದೆ. ಆತ್ಮವಿಲ್ಲವೆಂದು ಸಾಧಿಸಲು ಹೊರಟವರಿಗೆ ಹೆಂಡದ ಗಡಿಗೆಗಿಂತ ಒಳ್ಳೆಯ ಸಾಕ್ಷಿ ಸಿಕ್ಕಲಿಲ್ಲವೆಂಬುದು ಸ್ವಾರಸ್ಯವಾದ ಮಾತು.

ಚಾರ್ವಾಕರು ಚೈತನ್ಯ ಎಲ್ಲಿಂದ ಬಂತೆಂದು ವಿಚಾರಿಸಿದರು. ಈಚೆಗೆ ನಮ್ಮ ಅನ್ನಪೂರ್ಣೇಶ್ವರಿ ನಗರದ ಒಂದು ಅಡಿಗೆಮನೆಯಲ್ಲಿ ಪಾಪ ಎಲ್ಲಿಂದ ಬಂತೆಂದು ವಿಚಾರಿಸುವ ಪ್ರಸಂಗ ಒದಗಿತು. ನಮ್ಮ ಬೀದಿಯ ಒಬ್ಬ ತರುಣ, ಓದಿದವನು, ಒಳ್ಳೆಯ ಕೆಲಸದಲ್ಲಿರುವವನು, ಮನೆಯಲ್ಲಿಯೇ ಬಿಯರ್ ತಯಾರಿಸಬೇಕೆಂದು ಹೊರಟಿದ್ದಾನೆ. ಡಬ್ಬಿಯಲ್ಲಿ ಬರುವ ಸಿದ್ಧ ಪಾಕವನ್ನು ನೀರಿಗೆ ಬೆರೆಸುವ ಸುಲಭದ ದಾರಿ ಅವನಿಗೆ ಬೇಡ. ಮೊಳಕೆ ಕಟ್ಟಿದ ಕಾಳಿನಿಂದ ಆರಂಭಿಸಿ ಎಲ್ಲವನ್ನೂ ತನ್ನ ಕೈಯಿಂದಲೇ ಮಾಡಬೇಕು. ಪಾತ್ರೆ ಬಂದಿದೆ, ಕಾಳು ಬಂದಿದೆ, ಉಷ್ಣಮಾಪಕ ಬಂದಿದೆ. ಇಷ್ಟೆಲ್ಲ ಆದಮೇಲೆ ಅವನ ತಾಯಿಗೂ ಅವನಿಗೂ ಮಾತು ಬೆಳೆದಿದೆ. “ಸಾರ್, ನೀವೇ ಹೇಳಿ. ಇದರಲ್ಲಿ ತಪ್ಪೇನಿದೆ?” ಎಂದು ಅವನು ನನ್ನನ್ನು ಕೇಳಿದ. “ತಪ್ಪಿಲ್ಲ ಅಂತ ಮಾತ್ರ ಹೇಳಬೇಡಿ” ಎಂದು ತಾಯಿ ಅದೇ ಉಸಿರಿನಲ್ಲಿ ಹೇಳಿದರು.

ನಾನು ಮದ್ಯ ಕುಡಿಯುವವನಲ್ಲ. ಅದನ್ನೊಂದು ಗುಣವೆಂದು ಹೇಳಿಕೊಳ್ಳುತ್ತಿಲ್ಲ; ಅದರ ರುಚಿ ನನಗೆ ಹತ್ತಲಿಲ್ಲ, ಅಷ್ಟೆ. ಹೀಗೆ ರುಚಿಯಿಲ್ಲದ ಕಾರಣ ದೂರವಿದ್ದವನು ಇನ್ನೊಬ್ಬನಿಗೆ ಸಂಯಮದ ಉಪದೇಶ ಮಾಡುವುದು ಅಷ್ಟು ಮರ್ಯಾದೆಯ ಕೆಲಸವಲ್ಲ. ಆದ್ದರಿಂದ ಉಪದೇಶವನ್ನು ಬಿಟ್ಟು, ಅವನು ಮಾಡಹೊರಟಿರುವುದು ಏನೆಂದು ಮೊದಲು ಕೇಳಿ ತಿಳಿದುಕೊಂಡೆ.

ಕೆಲಸ ಹೀಗಿದೆ. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಬೇರು ಹೆಚ್ಚು ಬೆಳೆಯುವ ಮೊದಲೇ ಒಣಗಿಸಿ ಬಿಸಿ ಹಾಯಿಸುತ್ತಾರೆ. ಇದೇ ಮಾಲ್ಟ್. ೨೦ ಲೀಟರ್ ಬಿಯರಿಗೆ ನಾಲ್ಕೈದು ಕಿಲೋ ಮಾಲ್ಟ್ ಬೇಕು. ಅದನ್ನು ನುಣ್ಣಗೆ ಬೀಸಬಾರದು. ಕಾಳು ಒಡೆಯಬೇಕು, ಸಿಪ್ಪೆ ಉಳಿಯಬೇಕು. ಆ ನುಚ್ಚನ್ನು ಬಿಸಿನೀರಿನಲ್ಲಿ ಕಲಸಿ ೬೫ರಿಂದ ೬೮ ಡಿಗ್ರಿ ಶಾಖದಲ್ಲಿ ಒಂದು ಗಂಟೆ ಇಡಬೇಕು. ಹತ್ತು ಡಿಗ್ರಿ ಹೆಚ್ಚಾದರೆ ಕೆಲಸ ಕೆಡುತ್ತದೆ, ತೀರ ಕಡಿಮೆಯಾದರೆ ನಡೆಯುವುದೇ ಇಲ್ಲ. ಈ ಒಂದು ಗಂಟೆಯಲ್ಲಿ ಕಾಳಿನ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ. ಆಗಿದೆಯೋ ಇಲ್ಲವೋ ನೋಡಲು ಒಂದು ಚಮಚ ರಸಕ್ಕೆ ಅಯೋಡಿನ್ ಹನಿ ಹಾಕುತ್ತಾರೆ. ನೀಲಿ ಬಣ್ಣ ಬಂದರೆ ಪಿಷ್ಟ ಇನ್ನೂ ಉಳಿದಿದೆಯೆಂದು ಅರ್ಥ. ಆಮೇಲೆ ಸಿಪ್ಪೆಯ ಹಾಸಿನ ಮೂಲಕವೇ ರಸವನ್ನು ಸೋಸಿ, ಉಳಿದ ಚರಟಕ್ಕೆ ಮತ್ತೆ ಬಿಸಿನೀರು ಹೊಯ್ದು ತೊಳೆದು, ಬಂದ ಸಿಹಿನೀರನ್ನು ಒಂದು ಗಂಟೆ ಕುದಿಸಬೇಕು. ಕುದಿಯುವಾಗ ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವನ್ನು ಹಾಕುತ್ತಾರೆ. ನಮ್ಮ ದೇಶದಲ್ಲಿ ಅದು ಹಿಮಾಚಲದ ಲಾಹೂಲ್ ಕಣಿವೆಯಲ್ಲಿ ಬೆಳೆಯುತ್ತದೆ. ಕುದಿದ ರಸವನ್ನು ಬೇಗನೆ ಆರಿಸಿ ಯೀಸ್ಟ್ ಬೆರೆಸಿ ಮುಚ್ಚಿಟ್ಟರೆ ಹತ್ತು ಹದಿನೈದು ದಿನಗಳಲ್ಲಿ ಬಿಯರ್ ಆಗುತ್ತದೆ. ಉಳಿದ ಚರಟ ಹಸುವಿಗೆ ಒಳ್ಳೆಯ ಮೇವು.

ಇಷ್ಟನ್ನು ಕೇಳುತ್ತಿರುವಾಗ ನನ್ನ ಗಮನ ಸೆಳೆದದ್ದು ಆ ತಾಯಿಯ ಅಡಿಗೆಮನೆಯ ಕಿಟಕಿಯಲ್ಲಿ ತೂಗುತ್ತಿದ್ದ ಬಟ್ಟೆಯ ಗಂಟು. ಅದರಲ್ಲಿ ರಾಗಿ ಮೊಳೆಯುತ್ತಿತ್ತು. ಮಗಳ ಕೂಸಿಗೆ ಸರಿ ಮಾಡಬೇಕು. ರಾಗಿಯನ್ನು ಒಂದು ರಾತ್ರಿ ನೆನೆಸಿ, ಎರಡು ಮೂರು ದಿನ ಕಟ್ಟಿಟ್ಟು, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಮೊಳಕೆ ಉಜ್ಜಿ ತೆಗೆದು ಬೀಸುವುದನ್ನು ಹಳೆಯ ಮೈಸೂರಿನ ಕಡೆಯ ಹೆಂಗಸರಿಗೆ ಯಾರೂ ಪುಸ್ತಕದಿಂದ ಕಲಿಸಿಲ್ಲ. ಮಗ ಮಾಡಹೊರಟಿರುವುದರ ಮೊದಲರ್ಧವೂ ಇದೇ. ಕಾಳು ಮೊಳೆಯುವಾಗ ತನ್ನ ಗಿಡಕ್ಕೆಂದು ಕೂಡಿಟ್ಟ ಪಿಷ್ಟವನ್ನು ಕರಗಿಸಲು ಅಮೈಲೇಸ್ ಎಂಬ ಕಿಣ್ವವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಮೊಳಕೆ ರಾಗಿಯ ಅಂಬಲಿ ಸಾಮಾನ್ಯ ರಾಗಿಯ ಅಂಬಲಿಗಿಂತ ತೆಳುವಾಗುವುದು ಇದರಿಂದಲೇ. ತೆಳುವಾದ್ದರಿಂದ ಹೆಚ್ಚು ಹಿಟ್ಟನ್ನು ಹಾಕಿ ಕಾಯಿಸಬಹುದು. ಕೂಸಿನ ಸಣ್ಣ ಹೊಟ್ಟೆಗೆ ಹೆಚ್ಚು ಸತ್ವ ಹೋಗುತ್ತದೆ. ಕೂಸಿಗೆ ಉಣಿಸುವ ಕೆಲಸವನ್ನೂ ಸುರೆಗೆ ಸಿಹಿಯೊದಗಿಸುವ ಕೆಲಸವನ್ನೂ ಒಂದೇ ಕಿಣ್ವ ಒಂದೇ ನಿಷ್ಠೆಯಿಂದ ಮಾಡುತ್ತದೆ.

ಈ ಕಿಣ್ವವೆಂಬ ಮಾತಿನ ಚರಿತ್ರೆಯೂ ವಿನೋದವಾಗಿದೆ. ಇಂದು ಶಾಲೆಯ ಮಕ್ಕಳು ಜೀರ್ಣಕ್ರಿಯೆಯ ಪಾಠದಲ್ಲಿ ಓದುವ ಈ ಶುದ್ಧ ವೈಜ್ಞಾನಿಕ ಪದ ಕೌಟಿಲ್ಯನ ಕಾಲದಲ್ಲಿ ಸುರೆಗೆ ಹಾಕುವ ಹುದುಗಿನ ಹೆಸರಾಗಿತ್ತು. ಚಾರ್ವಾಕರ ದೃಷ್ಟಾಂತದಲ್ಲಿ ಬರುವುದೂ ಇದೇ ಪದ. ಪಾಶ್ಚಾತ್ಯರ ಎನ್‌ಜೈಮ್ ಎಂಬ ಶಬ್ದಕ್ಕೂ ಗ್ರೀಕಿನಲ್ಲಿ ಹುದುಗಿನ ಒಳಗಿರುವುದು ಎಂದೇ ಅರ್ಥ. ಪಠ್ಯಪುಸ್ತಕ ಬರೆದವರು ಹೆಂಡದಂಗಡಿಯ ಮಾತೊಂದನ್ನು ಎತ್ತಿ ತಂದು ಮಡಿಯುಡಿಸಿ ಕೂರಿಸಿದ್ದಾರೆ. ನಾವು ಯಾರೂ ಆಕ್ಷೇಪಿಸಿಲ್ಲ.

ಹಾಗಾದರೆ ದೋಷ ಹುದುಗಿನಲ್ಲಿರಬಹುದೇ? ಹಾಗೆಂದರೆ ನಮ್ಮ ಬಡಾವಣೆಯ ಮನೆಗಳಲ್ಲಿ ರಾತ್ರಿ ಹತ್ತು ಗಂಟೆಯ ಮೇಲೆ ನಿರ್ದೋಷವಾದ ಅಡಿಗೆಮನೆ ಹುಡುಕುವುದು ಕಷ್ಟ. ದೋಸೆಯ ಹಿಟ್ಟು ಅಷ್ಟು ಹೊತ್ತಿಗೆ ಪಾತ್ರೆಯ ಕಂಠದವರೆಗೆ ಉಬ್ಬುತ್ತಿರುತ್ತದೆ. ಅಕ್ಕಿಯಲ್ಲಿ ಉದ್ದಿನಲ್ಲಿ ಇದ್ದ ಕಣ್ಣಿಗೆ ಕಾಣದ ಜೀವಿಗಳು ಅಲ್ಲಿ ಸಕ್ಕರೆಯನ್ನು ತಿಂದು ಹುಳಿಯನ್ನೂ ಗಾಳಿಯನ್ನೂ ಬಿಡುತ್ತವೆ. ಆ ಹುಳಿಗೆ ಬದಲು ಅಮಲು ಬಂದರೆ ಅದು ಬೇರೆ ಜಾತಿಯ ಜೀವಿಯ ಕೆಲಸ. ಹುದುಗುವ ಕ್ರಿಯೆಯನ್ನೇ ನಿಂದಿಸುವವನು ಮೊದಲು ದೋಸೆಯನ್ನು ಬಿಡಬೇಕಾಗುತ್ತದೆ.

ನಮ್ಮ ಹಿರಿಯರು ಈ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟವರಲ್ಲ. ಮನುವಿನ ಸ್ಮೃತಿ ದೋಷವನ್ನು ವಸ್ತುವಿನಲ್ಲಿಯೇ ಕಾಣುತ್ತದೆ. ಬೆಲ್ಲದ್ದು, ಹಿಟ್ಟಿನದು, ಮಧುವಿನದು ಎಂದು ಸುರೆಯನ್ನು ಮೂರಾಗಿ ವಿಂಗಡಿಸಿ, ಅದನ್ನು ಅನ್ನದ ಕಶ್ಮಲವೆಂದು ಕರೆದುಬಿಡುತ್ತದೆ. ಈ ಮಾತನ್ನು ನಾನು ಸುಲಭವಾಗಿ ಒಪ್ಪಲಾರೆ. ಒಂದೇ ಕಾಳು ಹಿತ್ತಲ ಕಡೆ ಹೋದರೆ ಮಲ, ಪಡಸಾಲೆಯ ಕಡೆ ಹೋದರೆ ಅಮೃತ ಎನ್ನಲು ನಡುವೆ ಏನಾಯಿತೆಂಬುದನ್ನು ಹೇಳಬೇಕು. ಸ್ಮೃತಿ ಅದನ್ನು ಹೇಳುವ ಗೋಜಿಗೆ ಹೋಗುವುದಿಲ್ಲ.

ಜೈನರು ಹೆಚ್ಚು ಸೂಕ್ಷ್ಮವಾಗಿ ನೋಡಿದರು. ಅಮೃತಚಂದ್ರಾಚಾರ್ಯರು ‘ಪುರುಷಾರ್ಥ ಸಿದ್ಧ್ಯುಪಾಯ’ದಲ್ಲಿ ಮದ್ಯವನ್ನು ವಿಚಾರಿಸುವುದು ಹಿಂಸೆಯ ಪ್ರಕರಣದಲ್ಲಿ. ಮದ್ಯದ ರಸದಲ್ಲಿ ಅಸಂಖ್ಯ ಜೀವಗಳು ಹುಟ್ಟುತ್ತವೆ, ಕುಡಿಯುವವನು ಅವನ್ನು ಕೊಲ್ಲುತ್ತಾನೆ; ಅಲ್ಲದೆ ಮೈಮರೆತವನು ಧರ್ಮವನ್ನು ಮರೆತು ಹಿಂಸೆಗೆ ಅಂಜುವುದಿಲ್ಲ ಎಂದು ಅವರ ವಾದ. ಬಿಯರ್ ಹುದುಗುವುದು ಜೀವಂತ ಕಣಗಳ ಕೆಲಸವೆಂದು ಪಾಶ್ಚರ್ ೧೯ನೆಯ ಶತಮಾನದಲ್ಲಿ ಪ್ರಯೋಗದಿಂದ ತೋರಿಸಿದ. ಸೂಕ್ಷ್ಮದರ್ಶಕವಿಲ್ಲದ ೧೦ನೆಯ ಶತಮಾನದ ಆಚಾರ್ಯರು ಗಡಿಗೆಯೊಳಗೆ ಜೀವರಾಶಿಯಿದೆಯೆಂದು ನಂಬಿದ್ದು ಆಶ್ಚರ್ಯದ ಸಂಗತಿ. ಆದರೆ ಈ ಮಾನದಂಡವನ್ನು ಪೂರ್ತಿ ಹಿಡಿದರೆ ಮೊಳಕೆಯ ಗಂಟೂ ದೋಸೆಯ ಹಿಟ್ಟೂ ಪಾರಾಗುವುದಿಲ್ಲ. ಅಷ್ಟು ಕಠಿಣವಾದ ಬಾಳನ್ನು ಬಾಳುವವರಿಗೆ ಕೈಮುಗಿಯಬಹುದು. ಉಳಿದವರು ಅವರ ವಾದದ ಅರ್ಧವನ್ನು ಮಾತ್ರ ಎರವಲು ತರುವುದು ನ್ಯಾಯವಲ್ಲ.

ಮಹಾಭಾರತದ ಆದಿಪರ್ವದ ಕಥೆ ನನಗೆ ಇವೆರಡಕ್ಕಿಂತ ಹತ್ತಿರದ್ದು. ಸಂಜೀವಿನಿ ವಿದ್ಯೆಯನ್ನು ಕಲಿಯಲು ಬಂದ ಕಚನನ್ನು ರಾಕ್ಷಸರು ಸುಟ್ಟು, ಬೂದಿಯನ್ನು ಸುರೆಯಲ್ಲಿ ಕಲಸಿ ಗುರುವಾದ ಶುಕ್ರಾಚಾರ್ಯನಿಗೇ ಕುಡಿಸುತ್ತಾರೆ. ಹೊಟ್ಟೆಯೊಳಗಿಂದ ಶಿಷ್ಯ ಓಗೊಟ್ಟಾಗ ಆಚಾರ್ಯನಿಗೆ ನಡೆದದ್ದು ತಿಳಿಯುತ್ತದೆ. ಬ್ರಾಹ್ಮಣರಿಗೆ ಸುರೆ ನಿಷಿದ್ಧವಾಗಲೆಂದು ಅವನು ಶಪಿಸುವುದು ಆಗ. ಸುರೆ ಹಿಟ್ಟಿನದೋ ಬೆಲ್ಲದ್ದೋ ಎಂಬ ಯೋಚನೆ ಅವನಿಗಿಲ್ಲ. ತಾನು ನುಂಗುತ್ತಿರುವುದು ಏನೆಂದು ತನಗೆ ತಿಳಿಯದೆ ಹೋಯಿತಲ್ಲ, ಅತ್ಯಂತ ಪ್ರಿಯನಾದವನನ್ನೇ ನುಂಗಿಬಿಟ್ಟೆನಲ್ಲ ಎಂಬುದೇ ಅವನ ಸಂಕಟ. ಕುಡಿತದಿಂದ ಕೆಟ್ಟ ಸಂಸಾರವನ್ನು ಹತ್ತಿರದಿಂದ ನೋಡಿದವರಿಗೆ ಈ ಕಥೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನೊಬ್ಬನಿದ್ದ. ಹೆಂಡ ಮಾರುವುದೇ ಅವನ ಕಾಯಕ. ಆ ಕಾಯಕದ ಗಡಿಗೆ, ಬಟ್ಟಲು, ಅಮಲುಗಳೇ ಅವನ ವಚನಗಳಲ್ಲಿ ಅಧ್ಯಾತ್ಮದ ಮಾತಿಗೆ ಉಪಮಾನಗಳಾಗಿ ಬಂದಿವೆ. ಅವನ ಕಸುಬಿನ ಹೆಸರನ್ನು ಅನುಭಾವಿಗಳ ಸಾಲಿನಿಂದ ಯಾರೂ ಅಳಿಸಲಿಲ್ಲ. ವಸ್ತುವನ್ನು ಮುಟ್ಟಿದ ಮಾತ್ರಕ್ಕೆ ಮನುಷ್ಯ ಕೆಡುತ್ತಾನೆಂಬ ಭಾವನೆ ಅಲ್ಲಿ ನಿಲ್ಲಲಿಲ್ಲ.

ಇಷ್ಟರವರೆಗೆ ತರುಣನ ಪಕ್ಷವೇ ಗೆಲ್ಲುತ್ತಿದೆಯೆಂದು ಓದುಗರಿಗೆ ತೋರಬಹುದು. ಅವನ ವಾದವೂ ದುರ್ಬಲವಾದದ್ದಲ್ಲ. “ಮುಖ್ಯರಸ್ತೆಯ ಅಂಗಡಿಗೆ ಹೋಗಿ ಎರಡು ಬಾಟಲಿ ತಂದರೆ ಯಾರೂ ಕೇಳುವುದಿಲ್ಲ. ಅದನ್ನೇ ಶ್ರಮಪಟ್ಟು, ಶುಚಿಯಾಗಿ, ಏನು ಹಾಕಿದ್ದೇನೆಂದು ತಿಳಿದು ಮಾಡಿದರೆ ಅಪರಾಧವಂತೆ. ಕೊಂಡು ಕುಡಿಯುವವನಿಗಿಂತ ಮಾಡಿ ಕುಡಿಯುವವನು ಹೇಗೆ ಕೀಳು ಸಾರ್?” ಎಂದು ಅವನು ಕೇಳಿದ. ಮಾಡುವವನಿಗೆ ಕಾಳಿನ ಬೆಲೆ ಗೊತ್ತು, ನೀರಿನ ಬೆಲೆ ಗೊತ್ತು, ಹದಿನೈದು ದಿನ ಕಾಯುವುದು ಗೊತ್ತು. ಹೀಗೆ ಕಾದು ಪಡೆದದ್ದನ್ನು ಮನುಷ್ಯ ಮಿತವಾಗಿಯೇ ಬಳಸುತ್ತಾನೆ ಎಂದೂ ಅವನೆಂದ. ನೂಲುವುದನ್ನು ಒಂದು ಧರ್ಮವನ್ನಾಗಿ ಮಾಡಿದ ನಾಡಿನಲ್ಲಿ ಸ್ವಹಸ್ತದ ಕೆಲಸವನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ಆ ಧರ್ಮವನ್ನು ಕಲಿಸಿದ ಗಾಂಧೀಜಿಯವರೇ ಮದ್ಯಪಾನದ ಕಡು ವಿರೋಧಿಯಾಗಿದ್ದರೆಂಬುದನ್ನು ನಾನು ನೆನಪಿಸಿದಾಗ ಅವನು ನಕ್ಕ. ಆದರೆ ತನ್ನ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕಾನೂನು ಏನು ಹೇಳುತ್ತದೆಂಬುದು ಸ್ಪಷ್ಟವಾಗಿದೆ. ೧೯೬೫ರಲ್ಲಿ ಮೈಸೂರು ಅಬಕಾರಿ ಕಾಯಿದೆಯೆಂದು ಹುಟ್ಟಿ, ರಾಜ್ಯದ ಹೆಸರು ಬದಲಾದ ಮೇಲೆ ಕರ್ನಾಟಕ ಅಬಕಾರಿ ಕಾಯಿದೆಯಾದ ಶಾಸನವು ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದನ್ನು ನಿಷೇಧಿಸುತ್ತದೆ. ಅಷ್ಟೇ ಅಲ್ಲ, ತಯಾರಿಸುವ ಸಲುವಾಗಿ ಪಾತ್ರೆ ಪರಿಕರಗಳನ್ನೂ ಸಾಮಗ್ರಿಯನ್ನೂ ಇಟ್ಟುಕೊಳ್ಳುವುದನ್ನು ಕೂಡ ನಿಷೇಧಿಸುತ್ತದೆ. ನಮ್ಮ ಪ್ರಶ್ನೆಗೆ ಇಲ್ಲಿ ಒಂದು ಉತ್ತರ ದೊರೆಯಿತು. ಪಾತ್ರೆ ಪಾತ್ರೆಯೇ, ಕಾಳು ಕಾಳೇ. ಆದರೆ ಇಂಥ ಸಲುವಾಗಿ ಎಂಬ ಸಂಕಲ್ಪ ಸೇರಿದೊಡನೆ ಕಾನೂನಿನ ಕಣ್ಣಿಗೆ ಅವು ಬೇರೆಯಾಗುತ್ತವೆ. ಒಂದೇ ಮನೆಯಲ್ಲಿ ತಾಯಿ ಕಟ್ಟಿದ ಮೊಳಕೆ ನಿರ್ದೋಷ, ಮಗ ತಂದ ಮೊಳಕೆ ಸದೋಷ. ಒಲೆ ಹಚ್ಚುವ ಮೊದಲೇ, ಒಂದು ಹನಿ ತೊಟ್ಟಿಕ್ಕುವ ಮೊದಲೇ, ದೋಷವು ಸಿದ್ಧತೆಯಲ್ಲಿ ಬಂದು ಕುಳಿತಿದೆ. ಭಾವದಿಂದಲೇ ಬಂಧವೆಂದು ಹೇಳುವ ವೇದಾಂತಿಗಳೂ ಅಬಕಾರಿ ಇಲಾಖೆಯೂ ಇಷ್ಟರಮಟ್ಟಿಗೆ ಒಮ್ಮತಕ್ಕೆ ಬಂದಿರುವುದು ಇದೊಂದೇ ವಿಷಯದಲ್ಲಿರಬಹುದು.

ಆದರೆ ಕಾನೂನು ಹೇಳಿದ ಮಾತ್ರಕ್ಕೆ ನೀತಿಯ ಪ್ರಶ್ನೆ ತೀರುವುದಿಲ್ಲ. ಇಂಗ್ಲೆಂಡಿನಲ್ಲಿ ಮನೆಯ ಬಳಕೆಗೆ ಬಿಯರ್ ಮಾಡುವವರು ಲೈಸೆನ್ಸು ಪಡೆಯಬೇಕೆಂಬ ನಿಯಮವನ್ನು ೧೯೬೩ರಲ್ಲಿ ತೆಗೆದುಹಾಕಿದರು. ಅಮೆರಿಕದಲ್ಲಿ ೧೯೭೮ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿಮಾಡಿದ ಶಾಸನ ಮನೆಯಲ್ಲಿ ಮಾಡುವ ಬಿಯರನ್ನು ಒಂದು ಮಿತಿಯವರೆಗೆ ತೆರಿಗೆಯಿಂದ ಬಿಟ್ಟಿತು. ಅಷ್ಟು ದೂರವೇಕೆ? ನಮ್ಮ ಕೌಟಿಲ್ಯನೇ ಸುರಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ ಕಟ್ಟುನಿಟ್ಟು ಮಾಡಿದರೂ, ಉತ್ಸವ, ಜಾತ್ರೆಗಳ ಕಾಲದಲ್ಲಿ ನಾಲ್ಕು ದಿನ ವಿನಾಯಿತಿ ಕೊಟ್ಟ. ಗೃಹಸ್ಥರು ಕೆಲವು ಬಗೆಯ ಸುರೆಯನ್ನೂ ಔಷಧಕ್ಕೆಂದು ಅರಿಷ್ಟವನ್ನೂ ಮಾಡಿಕೊಳ್ಳಬಹುದೆಂದ. ಅವನ ಕಣ್ಣು ಇದ್ದದ್ದು ಬೊಕ್ಕಸದ ಮೇಲೆ. ಇಂದಿನ ರಾಜ್ಯಕ್ಕೂ ಅಬಕಾರಿ ದೊಡ್ಡ ಆದಾಯಗಳಲ್ಲೊಂದು. ಸಂವಿಧಾನದ ೪೭ನೆಯ ವಿಧಿ ಔಷಧದ ಬಳಕೆಯನ್ನುಳಿದು ಮಾದಕ ಪಾನೀಯಗಳನ್ನು ನಿಲ್ಲಿಸಲು ರಾಜ್ಯವು ಯತ್ನಿಸಬೇಕೆನ್ನುತ್ತದೆ. ೨೦೦೩ರಿಂದ ಈ ರಾಜ್ಯದಲ್ಲಿ ಮದ್ಯದ ಸಗಟು ವಿತರಣೆಯನ್ನು ಸರ್ಕಾರದ ನಿಗಮವೇ ನಡೆಸುತ್ತಿದೆ. ಇಂಥ ಕಾನೂನಿನ ನಿಷೇಧದಲ್ಲಿ ನೀತಿ ಎಷ್ಟು, ಲೆಕ್ಕಪತ್ರ ಎಷ್ಟು ಎಂದು ಕೇಳುವ ಹಕ್ಕು ತರುಣನಿಗೆ ಖಂಡಿತವಾಗಿ ಉಂಟು.

ನನಗೆ ತೊಡಕು ಕಂಡದ್ದು ಬೇರೆ ಕಡೆ. ಬೆಂಗಳೂರಿಗೂ ಬಿಯರಿಗೂ ಹಳೆಯ ನಂಟು. ದಂಡಿನ ಸೈನಿಕರಿಗೆ ಅದು ಬೇಕಾಗಿತ್ತು. ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ೧೯೧೫ರಲ್ಲಿ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಆ ಬಳಿಕ ಅದು ಒಂದು ದೊಡ್ಡ ಉದ್ಯಮವಾಗಿ ಮರ್ಯಾದೆ ಪಡೆಯಿತು. ಬಡವರ ಪಾನೀಯಗಳ ಕಥೆ ಹೀಗೆ ನಡೆಯಲಿಲ್ಲ. ೧೯೮೧ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ೨೦೦೭ರ ಜುಲೈ ೧ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ಕರ್ನಾಟಕ ತಮಿಳುನಾಡು ಗಡಿಯ ಸುತ್ತಮುತ್ತ ಕಳ್ಳಬಟ್ಟಿಗೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಇದಾಗಿ ಎರಡು ಮೂರು ವರ್ಷಗಳೊಳಗೆ, ೨೦೧೦ರ ಸುಮಾರಿಗೆ, ನಗರದ ಹೋಟೆಲುಗಳಲ್ಲಿ ಗಿರಾಕಿಗಳ ಕಣ್ಣೆದುರಿಗೇ ತಾಮ್ರದ ಹಂಡೆಗಳಲ್ಲಿ ಬಿಯರ್ ಕಾಯಿಸಲು ಅನುಮತಿ ದೊರೆಯಿತು.

ಸಾರಾಯಿ ನಿಲ್ಲಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅದು ಹಾಳುಮಾಡಿದ ಮನೆಗಳ ಹೆಂಗಸರು ಬೀದಿಗಿಳಿದು ಕೇಳಿದ್ದರು; ಅವರ ಮಾತಿಗೆ ಬೆಲೆ ಬಂದದ್ದು ಒಳ್ಳೆಯದೇ. ಬಟ್ಟಿ ಇಳಿಸುವುದಕ್ಕೂ ಕಾಳಿನ ಬಿಯರಿಗೂ ವ್ಯತ್ಯಾಸವುಂಟೆಂಬುದೂ ನಿಜ. ಜನರನ್ನು ಕೊಂದ ಮೆಥನಾಲ್ ವಿಷದ ಭಯ ಜವೆಯ ರಸವನ್ನು ಹುದುಗಿಸುವುದರಲ್ಲಿಲ್ಲ. ಆದರೆ ಮಾತಿನ ವ್ಯತ್ಯಾಸವನ್ನು ಗಮನಿಸಿ. ಊರಾಚೆಯ ಗುಡಿಸಲಿನಲ್ಲಿ ಬೆಲ್ಲದ ಕೊಳೆ ಹಾಕಿದವಳ ಮಡಕೆಯನ್ನು ಒಡೆಯುತ್ತಾರೆ, ಅವಳನ್ನು ಠಾಣೆಗೆ ಕರೆದೊಯ್ಯುತ್ತಾರೆ, ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತದೆ. ನಮ್ಮ ಬಡಾವಣೆಯ ಮೂರನೆಯ ಮಹಡಿಯಲ್ಲಿ ಅದೇ ಕಾಯಿದೆಯನ್ನು ಮೀರಿದರೆ ನಾವು ಅದನ್ನು ಹವ್ಯಾಸವೆನ್ನುತ್ತೇವೆ, ಕಲೆಯೆನ್ನುತ್ತೇವೆ. ಮಾಡುವವರಿಬ್ಬರೂ ಕಾಯಿದೆಯನ್ನು ಮುರಿದವರೇ. ಒಬ್ಬಳು ಹೊಟ್ಟೆಗಾಗಿ ಮುರಿದಳು, ಇನ್ನೊಬ್ಬ ಕುತೂಹಲಕ್ಕಾಗಿ. ತೂಗಿ ನೋಡಿದರೆ ಕುತೂಹಲದ ತಟ್ಟೆಯೇ ಹಗುರ.

ಆ ಮನೆಯಲ್ಲಿ ಪಾತ್ರೆ ತೊಳೆಯಲು ಬರುವ ಹೆಂಗಸೊಬ್ಬಳಿದ್ದಾಳೆ. ಅವಳ ಗಂಡ ಕುಡಿದೇ ಸತ್ತವನು. ತಾಯಿಯ ವಿರೋಧದ ಬೇರು ಇಲ್ಲಿತ್ತೆಂಬುದು ಮಾತಿನ ನಡುವೆ ತಿಳಿಯಿತು. “ಪಾಪಗೀಪ ನನಗೆ ಗೊತ್ತಿಲ್ಲ. ಆ ಹಂಡೇನ ಅವಳ ಕೈಲಿ ಹೇಗೋ ತೊಳೆಸಲಿ? ಏನು ಮಾಡಿದ್ರಿ ಇದರಲ್ಲಿ ಅಂತ ಅವಳು ಕೇಳಿದರೆ ಏನು ಹೇಳಲಿ?” ಎಂದು ಅವರು ಮಗನನ್ನು ಕೇಳಿದರು. “ನಾನೇ ತೊಳೀತೀನಮ್ಮ” ಎಂದ ಮಗ. ತಾಯಿ ಸುಮ್ಮನಾದರು. ಆದರೆ ಹಂಡೆಯನ್ನು ತಾನೇ ತೊಳೆದುಕೊಳ್ಳುವುದರಿಂದ ಆ ಪ್ರಶ್ನೆಗೆ ಉತ್ತರ ಕೊಟ್ಟ ಹಾಗಾಗಲಿಲ್ಲ. ಅವಳ ಕಣ್ಣಿಗೆ ಬೀಳದಂತೆ ಮಾಡಿದ ಹಾಗಾಯಿತು.

ಮನುವಿನಲ್ಲಿಯೂ ಅಬಕಾರಿ ಕಾಯಿದೆಯಲ್ಲಿಯೂ ಸಿಗದ ಒಂದು ಅಳತೆ ನನಗೆ ಈ ಮಾತಿನಲ್ಲಿ ಸಿಕ್ಕಿತು. ನಾನು ನನಗಾಗಿ ಕೇಳುವ ವಿನಾಯಿತಿಯನ್ನು, ನನ್ನಷ್ಟು ಅನುಕೂಲವಿಲ್ಲದವನಿಗೂ ಕೊಡಲು ಸಿದ್ಧನಿದ್ದೇನೆಯೇ? ಅವಳ ಗಂಡ ಬದುಕಿದ್ದು, ತನ್ನ ಗುಡಿಸಲಿನಲ್ಲಿ ರಾಗಿಯನ್ನೋ ಬೆಲ್ಲವನ್ನೋ ಹುದುಗಿಸಿಕೊಳ್ಳುತ್ತೇನೆ, ನನ್ನ ಶ್ರಮ, ನನ್ನ ಕಾಳು ಎಂದಿದ್ದರೆ, ನಮ್ಮ ತರುಣ ಸರಿ ಎನ್ನುತ್ತಿದ್ದನೇ? ಎನ್ನುತ್ತಿದ್ದನಾದರೆ ಅವನ ವಾದ ಪ್ರಾಮಾಣಿಕವಾದದ್ದು. ಕಾಯಿದೆ ಎಲ್ಲರಿಗೂ ಬದಲಾಗಲೆಂದು ಅವನು ಬಹಿರಂಗವಾಗಿ ಕೇಳಬೇಕು. ಇಲ್ಲ, ಅವನಿಗೆ ಸಂಯಮವಿಲ್ಲ, ನನಗುಂಟು ಎನ್ನುವುದಾದರೆ, ಅವನು ಕೇಳುತ್ತಿರುವುದು ಸ್ವಾತಂತ್ರ್ಯವನ್ನಲ್ಲ, ಪದವಿಯನ್ನು. ಸಂಯಮವು ಸಂಬಳದ ಜೊತೆಗೆ ಬರುವ ಗುಣವೆಂದು ನಂಬಲು ನನಗೆ ಯಾವ ಆಧಾರವೂ ಕಂಡಿಲ್ಲ.

ಇದಕ್ಕೆ ಒಂದು ಆಕ್ಷೇಪ ಉಂಟು. ಎಲ್ಲರಿಗೂ ಕೊಡಲಾಗದ ವಸ್ತು ಯಾರಿಗೂ ಕೂಡದೇನು? ಕೂಸಿಗೆ ಕಾಫಿ ಕುಡಿಸುವುದಿಲ್ಲ. ಹಾಗೆಂದು ಹಿರಿಯರು ಕಾಫಿಯನ್ನು ಬಿಡಬೇಕೆ? ಸಿಹಿಮೂತ್ರದವನ ಎದುರಿಗೆ ಉಳಿದವರು ಹೋಳಿಗೆ ತಿನ್ನುವುದಿಲ್ಲವೇ? ಇದು ಸರಿಯಾದ ಮಾತು. ಆದ್ದರಿಂದ ಮದ್ಯ ಹಂಚಲು ಬಾರದ್ದು, ಆದಕಾರಣ ಪಾಪ, ಎಂದು ನಾನು ಹೇಳಲಾರೆ. ಹೇಳಬಹುದಾದದ್ದು ಇಷ್ಟೆ. ಅನ್ನಕ್ಕೆ ಕಾವಲು ಬೇಡ. ಯಾರು ಬಂದರೂ ಬಡಿಸಬಹುದು; ಬಡಿಸುವವನು ಉಣ್ಣುವವನ ಹಿಂದುಮುಂದನ್ನು ವಿಚಾರಿಸಬೇಕಾಗಿಲ್ಲ. ಹೊರನಾಡಿನ ಅನ್ನಪೂರ್ಣೇಶ್ವರಿಯ ಪಂಕ್ತಿಯಲ್ಲಿ ಕೂತವರನ್ನು ನೀನಾರೆಂದು ಕೇಳುವುದಿಲ್ಲ. ಅನ್ನವೂ ಮಾಯೆಯೇ ಎಂದು ಶಿವನು ಹೇಳಿದಾಗ ದೇವಿ ಮರೆಯಾದಳಂತೆ. ಹಸಿದ ಶಿವನು ಕಪಾಲ ಹಿಡಿದು ಕಾಶಿಯಲ್ಲಿ ಅವಳ ಮುಂದೆ ನಿಂತಾಗ, ನಿನ್ನ ವಾದವೇನಾಯಿತೆಂದು ಕೇಳದೆ ಸೌಟಿನಲ್ಲಿ ತುಂಬ ಬಡಿಸಿದಳಂತೆ. ಅದೇ ಕಾಳು ಮದ್ಯವಾದಾಗ ಬಡಿಸುವ ಕೈಗೆ ವಿಚಾರಣೆಯ ಹೊಣೆ ಬರುತ್ತದೆ. ಇವನಿಗೆ ಕೊಡಬಹುದೇ, ಎಷ್ಟು ಕೊಡಬಹುದು, ಕುಡಿದು ಇವನು ಯಾರ ಬಳಿಗೆ ಹೋಗುತ್ತಾನೆ, ಈ ಮನೆಯಲ್ಲಿ ಇದನ್ನು ಕಂಡು ನೋಯುವವರು ಯಾರು, ಇವನ್ನೆಲ್ಲ ಕೇಳಬೇಕಾಗುತ್ತದೆ. ಮೊಳೆತ ಕಾಳಿಗೆ ಯೀಸ್ಟ್ ಸೇರಿದಾಗ ಹುಟ್ಟುವ ಹೊಸ ವಸ್ತು ದೋಷವಲ್ಲ, ಹೊಣೆ ಎಂದು ನನಗೆ ತೋರುತ್ತದೆ.

ಅಂಗಡಿಯಿಂದ ಕೊಂಡು ಕುಡಿಯುವವನು ಈ ಹೊಣೆಯನ್ನು ಕಂಪನಿಗೂ ಸರ್ಕಾರಕ್ಕೂ ಅಂಗಡಿಯವನಿಗೂ ಹಂಚಿ ಹಗುರಾಗುತ್ತಾನೆ. ಕಾಳ ಮೊದಲು ಮಾಡಿ ಎಲ್ಲವನ್ನೂ ತಾನೇ ಮಾಡುತ್ತೇನೆಂದು ಹೊರಟವನಿಗೆ ಹಾಗೆ ಹಂಚಲು ಯಾರೂ ಇಲ್ಲ. ತರುಣನು ತನ್ನ ಕೆಲಸದ ಹಿರಿಮೆಯೆಂದು ಹೇಳಿದ್ದು ಇದನ್ನೇ. ಅದರ ಭಾರವೂ ಇದೇ. ಡಬ್ಬಿಯ ಪಾಕ ಬೇಡವೆಂದವನು ಡಬ್ಬಿಯಲ್ಲಿ ಬರುವ ನೀತಿಯನ್ನೂ ಬೇಡವೆನ್ನಬೇಕು.

“ಕಾಯಿದೆ ಬದಲಾಗುವವರೆಗೆ ಹಂಡೆಯನ್ನು ಅಟ್ಟದ ಮೇಲಿಡಪ್ಪಾ. ಬದಲಾಗಬೇಕೆಂದು ನಿನಗೆ ನಿಜವಾಗಿ ಅನ್ನಿಸಿದರೆ ಹೆಸರು ಹಾಕಿ ಬರೆ, ಕೇಳು. ಪಕ್ಕದ ನಾಗರಭಾವಿಯಲ್ಲೇ ಕಾನೂನು ಕಲಿಸುವ ರಾಷ್ಟ್ರೀಯ ಶಾಲೆಯಿದೆ, ಅಲ್ಲಿ ವಾದಿಸುವವರಿಗೆ ಬರವಿಲ್ಲ. ಬದಲಾದ ದಿನವೂ ಒಲೆ ಹಚ್ಚುವ ಮುಂಚೆ ಪಾತ್ರೆ ತೊಳೆಯುವವಳಿಗೆ ಏನು ಹೇಳುತ್ತೀಯೆಂದು ಯೋಚಿಸಿಕೊ” ಎಂದು ನಾನು ಅವನಿಗೆ ಹೇಳಿದೆ. ಅವನು ಒಪ್ಪಿದನೆಂದು ಹೇಳಲಾರೆ. ಇನ್ನೂ ವಾದಿಸುತ್ತಿದ್ದಾನೆ, ವಾದಿಸುವವರೆಗೆ ಒಲೆ ಹಚ್ಚುವುದಿಲ್ಲವೆಂಬ ಮಾತನ್ನು ಮಾತ್ರ ತಾಯಿಗೆ ಕೊಟ್ಟಿದ್ದಾನೆ.

ಯಾವ ಕೆಲಸಕ್ಕಾದರೂ ನಾವು ಸಿದ್ಧತೆ ಮಾಡಿಕೊಳ್ಳುವಾಗ ಪಾತ್ರೆ, ಸಾಮಗ್ರಿ, ಅಳತೆ, ಶಾಖ ಇವನ್ನು ನೋಡಿಕೊಳ್ಳುತ್ತೇವೆ. ಆ ಕೆಲಸದ ದಾರಿಯಲ್ಲಿ ಎದುರಾಗುವ ಮನುಷ್ಯರ ಮುಖವನ್ನು ನೇರವಾಗಿ ನೋಡಬಲ್ಲೆವೇ ಎಂಬುದನ್ನು ಸಿದ್ಧತೆಯ ಪಟ್ಟಿಯಲ್ಲಿ ಬರೆದುಕೊಳ್ಳುವವರು ಕಡಮೆ. ಅದನ್ನು ಪಟ್ಟಿಯ ಮೊದಲಿಗೆ ಬರೆದುಕೊಂಡರೆ ಉಳಿದವನ್ನು ಕೊಳ್ಳಬೇಕೋ ಬೇಡವೋ ಎಂಬುದು ಬೇಗ ತಿಳಿಯುತ್ತದೆ, ಕಾಳೂ ಮೋಸಹೋಗುವುದಿಲ್ಲ.